ಹೇಳಿಕೊಟ್ಟ ತಪ್ಪು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಶಾಲೆಯಲ್ಲೂ ನನಗೆ ಅದೇ ಹೆಸರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಹಿಪ್ಪುನೇರಳೆ ತೋಟಗಳ ನಡುವಿನ ದಾರಿಯಲ್ಲಿ ಸ್ವಲ್ಪ ನಡೆದರೆ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಮನೆ ಚಿಕ್ಕಬಳ್ಳಾಪುರದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬಂದು, ಮೊದಲ ಪೀರಿಯಡ್ಡಿಗೆ ಸಿಕ್ಕ ಮಕ್ಕಳ ಮೇಲೆ ಹರಿಹಾಯುವುದು ಬಹಳ ವರ್ಷ ನನ್ನ ಪದ್ಧತಿಯಾಗಿತ್ತು. ಅದಿರಲಿ. ಈಗ ಹೇಳಬೇಕಾಗಿರುವುದು ಒಬ್ಬ ಹುಡುಗಿಯ ವಿಷಯ. ತನ್ನ ತಲೆಗೆ ಬಂದದ್ದನ್ನು ತಾನೇ ಬಾಯಿಬಿಟ್ಟು ಹೇಳುವುದನ್ನು ಅವಳು ಕಲಿತಿದ್ದಳು. ಅದನ್ನು ಅವಳಿಂದ ಮೇಷ್ಟ್ರುಗಳಾದ ನಾವೇ ಚಪ್ಪಾಳೆ ತಟ್ಟಿಕೊಂಡು ಕಿತ್ತುಕೊಂಡೆವು. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅವಳು ಐದನೇ ಕ್ಲಾಸಿಗೆ ನನ್ನ ಕೈಗೆ ಬಂದಾಗ ಮಾತೇ ಆಡುತ್ತಿರಲಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇನ್ನೊಂದು ಥರದ ಕನ್ನಡ. ಏನು ಕೇಳಿದರೂ ಎದ್ದು ನಿಂತು ಲಂಗದ ಅಂಚು ತಿರುವುತ್ತಿದ್ದಳು. ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಸೊಪ್ಪಿಗೆ ಬಾಯಿ ಹಾಕಿತೆಂದರೆ ರಾತ್ರಿಯೆಲ್ಲ ಸೊಪ್ಪು ಹಾಕಿ ಊರಿನ ಅರ್ಧ ಮಕ್ಕಳು ಕ್ಲಾಸಿನಲ್ಲಿ ತೂಕಡಿಸುತ್ತಾರೆ, ಬೈದೂ ಪ್ರಯೋಜನವಿಲ್ಲ. ಇವಳು ತೂಕಡಿಸುತ್ತಿರಲಿಲ್ಲ, ಕಣ್ಣು ಬಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ತಲೆಗೇನೂ ಹೋಗುತ್ತಿಲ್ಲ ಎಂದು ನಾನೂ ತೀರ್ಮಾನಿಸಿಬಿಡುತ್ತಿದ್ದೆನೋ ಏನೋ, ಆ ಹೊತ್ತಿಗೆ ನನಗೆ ಶನಿವಾರದ ಅಭ್ಯಾಸ ಹತ್ತದಿದ್ದರೆ.

ಶನಿವಾರ ಶಾಲೆ ಬೆಳಗಿನದು, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಮುಗಿದ ಮೇಲೆ ಶಿಡ್ಲಘಟ್ಟದ ಒಂದು ಶಾಲೆಯ ಖಾಲಿ ಕೊಠಡಿಯಲ್ಲಿ ಸುತ್ತಮುತ್ತಲಿನ ನಾವು ಕೆಲವು ಗಣಿತದವರು ಸೇರುತ್ತಿದ್ದೆವು. ಯಾರ ಆದೇಶವೂ ಇರಲಿಲ್ಲ, ಡ್ಯೂಟಿ ಎಂದು ಬರೆದುಕೊಳ್ಳಲು ಓಓಡಿ ಇರಲಿಲ್ಲ, ಟೀ ಕೂಡ ನಾವೇ ಫ್ಲಾಸ್ಕಿನಲ್ಲಿ ತರಬೇಕು. ನಮ್ಮನ್ನು ಸೇರಿಸಿದವರು ಗೌರಿಬಿದನೂರಿನ ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬಸ್ಸು ಬದಲಾಯಿಸಿಕೊಂಡು, ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡು ಬರುತ್ತಿದ್ದರು. ಒಳಗೆ ಕಾಲಿಡುತ್ತಲೇ ಅವರ ಪ್ರಶ್ನೆ ಒಂದೇ.

"ತಪ್ಪು ತಂದಿದೀರಾ?"

ಅಂದರೆ ಆ ವಾರ ನಮ್ಮ ಕ್ಲಾಸಿನಲ್ಲಿ ಯಾವುದಾದರೂ ಮಗು ಮಾಡಿದ ಒಂದು ತಪ್ಪು. ಒಬ್ಬೊಬ್ಬರೂ ಒಂದೊಂದು ತರಬೇಕು. ಆ ತಪ್ಪು ಮಾಡಲು ಮಗುವಿಗೆ ಏನು ಕಾರಣ ಇತ್ತು ಎಂದು ಹೇಳಬೇಕು. ಗಮನ ಇರಲಿಲ್ಲ, ಓದಲ್ಲ, ಮನೆಯಲ್ಲಿ ಸರಿಯಿಲ್ಲ ಎನ್ನುವ ಹಾಗಿಲ್ಲ. ಹಾಗೆ ಅಂದರೆ ಮುಖ ತಿರುಗಿಸಿ ಕಿಟಕಿ ಕಡೆ ನೋಡಲು ಶುರುಮಾಡುತ್ತಿದ್ದರು.

ಮೊದಲ ಸಲ ನಾನು ತಂದದ್ದು ಒಂದು ಕಳೆಯುವ ಲೆಕ್ಕ. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ ಮೂವತ್ತೈದು ಎಂದು ಒಂದು ಮಗು ಬರೆದಿತ್ತು. "ಇದಕ್ಕೇನು ಕಾರಣ ಸಾರ್, ದಡ್ಡತನ ಅಷ್ಟೇ" ಎಂದೆ. ಮೇಷ್ಟ್ರು ಕಿಟಕಿ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

"ಎರಡರಲ್ಲಿ ಏಳು ಹೋಗಲ್ಲ ಅಂತ ಆ ಮಗುಗೆ ಯಾರಮ್ಮ ಹೇಳಿದ್ದು?"

"ನಾನೇ ಸಾರ್."

"ಹೋಗಲ್ಲ ಅಂದ್ರಿ. ಅದು ಏಳರಲ್ಲಿ ಎರಡು ಹೋಗುತ್ತಲ್ಲ ಅಂತ ಆ ಕಡೆಯಿಂದ ಕಳೀತು. ನಿಮ್ಮ ಮಾತು ಕೇಳಿದ್ದೇ ತಪ್ಪಾಯ್ತೇನಮ್ಮ ಅದರದು?"

ಎಲ್ಲರೂ ನಕ್ಕರು. ನನಗೆ ಮೈ ಉರಿದುಹೋಯಿತು. ಮುಂದಿನ ಶನಿವಾರ ಹೋಗಬಾರದು ಎಂದುಕೊಂಡವಳು, ಯಾಕೋ ಹೋದೆ. ಹಾಗೇ ಹೋಗುತ್ತಾ ಹೋದೆ. ಒಂದು ದಿನ ನನ್ನ ಬಾಯಿಯ ವಿಷಯ ಅವರ ಕಿವಿಗೆ ಬಿತ್ತು. ಪ್ರಶ್ನೆ ಕೇಳಿ, ಮಗು ಉಸಿರು ತೆಗೆದುಕೊಳ್ಳುವುದರೊಳಗೆ ನಾನೇ ಉತ್ತರ ಹೇಳಿ, ಜೊತೆಗೆ ನಾಲ್ಕು ಮಾತು ಬೈದುಬಿಡುತ್ತೇನೆ ಎಂದು ಯಾರೋ ತಮಾಷೆ ಮಾಡಿದ್ದರು. ಮೇಷ್ಟ್ರು ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಒಳಗೆ ಲವಂಗ.

"ಪ್ರಶ್ನೆ ಕೇಳಿದ್ಮೇಲೆ ಒಂದು ಬಾಯಿಗೆ ಹಾಕ್ಕೊಳಮ್ಮ. ಅದರ ಖಾರ ಇಳಿಯೋವರ್ಗೂ ತುಟಿ ಬಿಚ್ಬೇಡ. ಅಷ್ಟರೊಳಗೆ ಯಾವುದಾದ್ರೂ ಮಗು ಏನಾದ್ರೂ ಅನ್ನುತ್ತೆ."

ನಂಬಲಿಕ್ಕಿಲ್ಲ, ನಾನು ಅದನ್ನು ನಿಜಕ್ಕೂ ಮಾಡಿದೆ. ಮಕ್ಕಳಿಗೂ ಗೊತ್ತಾಗಿಹೋಯಿತು, ಮಿಸ್ ಲವಂಗ ಹಾಕಿಕೊಂಡರೆ ನಮ್ಮ ಸರದಿ ಎಂದು ಗುಸುಗುಸು ಶುರುವಾಗುತ್ತಿತ್ತು.

ಅಂಥದ್ದೇ ಒಂದು ದಿನ, ಐದನೇ ಕ್ಲಾಸಿನ ಪುಸ್ತಕದಲ್ಲಿ ಇಲ್ಲದಿದ್ದರೂ ನನ್ನದೇ ಚಪಲಕ್ಕೆ, ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಎಷ್ಟು ಎಂದು ಬೋರ್ಡಿನ ಮೇಲೆ ಬರೆದೆ. ಲವಂಗ ಹಾಕಿಕೊಂಡು ನಿಂತೆ. ಆಮೇಲೆ ಈ ಹುಡುಗಿ ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡು ಐದನೇ ಎರಡು ಎಂದು ಬರೆದಳು. ಮೇಲಿನ ಒಂದಕ್ಕೆ ಒಂದು, ಕೆಳಗಿನ ಎರಡಕ್ಕೆ ಮೂರು. ಭಿನ್ನರಾಶಿ ಕಲಿಸುವ ಯಾರಿಗಾದರೂ ಗೊತ್ತಿರುವ ತಪ್ಪು. ನಾಲಿಗೆ ತುದಿಗೆ ಬೈಗುಳ ಬಂದೇ ಬಂತು, ಬಾಯಲ್ಲಿ ಲವಂಗ ಇತ್ತು. ಅಷ್ಟರಲ್ಲಿ ಅವಳೇ ಮಾತಾಡಿದಳು.

"ಮಿಸ್, ನಮ್ಮ ಮನೇಲಿ ಎರಡು ಚಂದ್ರಿಕೆ. ಒಂದರಲ್ಲಿ ಗೂಡು ಆಗಿದೆ. ನಮ್ಮ ಚಿನ್ನಾಯನ ಮನೇಲಿ ಮೂರು ಚಂದ್ರಿಕೆ, ಅದರಲ್ಲೂ ಒಂದಾಗಿದೆ. ಎಲ್ಲಾ ಒಂದು ಕಡೆ ಇಟ್ರೆ ಐದು ಚಂದ್ರಿಕೆ, ಎರಡು ಆಗಿದೆ. ಐದರಲ್ಲಿ ಎರಡು."

ಚಂದ್ರಿಕೆ ಎಂದರೆ ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಅಗಲವಾದ ತಟ್ಟಿ; ಚಿನ್ನಾಯನ ಎಂದರೆ ತೆಲುಗಿನಲ್ಲಿ ಚಿಕ್ಕಪ್ಪ. ಆ ಹುಡುಗಿಯ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದು ಅದೇ ಮೊದಲು. ಮತ್ತೆ, ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಐದು ಚಂದ್ರಿಕೆಯಲ್ಲಿ ಎರಡು ಆಗಿದ್ದರೆ ಐದರಲ್ಲಿ ಎರಡೇ ಅಲ್ಲವೇ? ನಾನು ಬಾಯಲ್ಲಿದ್ದ ಲವಂಗ ಅಗಿದು ನುಂಗಿದೆ. "ಇದನ್ನ ನಾಳೆ ನೋಡಣ ಕಣೇ, ಎಲ್ಲರೂ ಮನೇಲಿ ಯೋಚನೆ ಮಾಡ್ಕೊಂಡು ಬನ್ನಿ" ಎಂದು ಜಾರಿಕೊಂಡೆ.

ಮಾರನೆಯ ದಿನ ಪ್ರಾರ್ಥನೆಯೂ ಮುಗಿದಿರಲಿಲ್ಲ, ಸಾಲಿನಿಂದ ತಪ್ಪಿಸಿಕೊಂಡು ನನ್ನ ಹತ್ತಿರ ಓಡಿ ಬಂದಳು.

"ಮಿಸ್, ನಂದು ತಪ್ಪು ಮಿಸ್. ಐದರಲ್ಲಿ ಎರಡು ಅಂದ್ರೆ ಸಗಂ ಕೂಡ ಇಲ್ಲ. ಸಗಂಗೆ ಇನ್ನೊಂದಿಷ್ಟು ಹಾಕಿದ್ರೆ ಸಗಂಗಿಂತ ಕಮ್ಮಿ ಹೆಂಗಾಗುತ್ತೆ?"

ಅರ್ಧ ಎನ್ನಲು ಅವಳಿಗೆ ಯಾವಾಗಲೂ ತೆಲುಗಿನ ಸಗಂ ಎಂದೇ ಬಾಯಿಗೆ ಬರುತ್ತಿತ್ತು. ಸಂಜೆ ಹುಳಕ್ಕೆ ಸೊಪ್ಪು ಹಾಕುವಾಗ ಹೊಳೆಯಿತಂತೆ. ಅವತ್ತು ಇಡೀ ಪೀರಿಯಡ್ ಜಗಳವೋ ಜಗಳ. ಬೇರೆ ಬೇರೆ ಚಂದ್ರಿಕೆಯಾದರೆ ಅವಳ ಉತ್ತರ, ಒಂದೇ ಚಂದ್ರಿಕೆಯ ಅರ್ಧ ಮತ್ತು ಮೂರನೇ ಒಂದು ಭಾಗವಾದರೆ ಬೇರೆ ಉತ್ತರ ಎಂದು ಮಕ್ಕಳೇ ಕಿತ್ತಾಡಿ ನೆಲದ ಮೇಲೆ ಚಿತ್ರ ಬರೆದು, ಒಂದನ್ನು ಆರು ಪಾಲು ಮಾಡಿ, ಆರರಲ್ಲಿ ಐದು ಎಂದು ತಂದು ನಿಲ್ಲಿಸಿದರು. ನಾನು ಮಾಡಿದ್ದು ಸೀಮೆಸುಣ್ಣ ಒದಗಿಸಿದ್ದಷ್ಟೇ. ಅಂಥ ಖುಷಿ ನನಗೆ ಈ ಕೆಲಸದಲ್ಲಿ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಒಬ್ಬಳೇ ನಗುತ್ತಿದ್ದೆ.

ಆ ಶನಿವಾರ ನಾನು ತಂದ ತಪ್ಪು ಕೇಳಿ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಆ ಮಗೂನ ಕಾಪಾಡ್ಕೊಳ್ಳಮ್ಮ" ಎಂದರು. ಅವರು ಹೇಳಿದ್ದು ಅಷ್ಟೇ. ಪಕ್ಕದಲ್ಲಿ ಕೂತಿದ್ದ ನಮ್ಮ ಶಾಲೆಯ ಹೊಸ ಮೇಷ್ಟ್ರು ಮಾತ್ರ ಕುಣಿದಾಡಿಬಿಟ್ಟ. ಅವನೂ ಗೌರಿಬಿದನೂರಿನವನೇ, ಆ ಹಿರಿಯರ ಹಳೆಯ ಶಿಷ್ಯ, ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಒಳ್ಳೆಯ ಹುಡುಗ. ಮಕ್ಕಳ ಜೊತೆ ನೆಲದ ಮೇಲೆ ಕೂತು ಪಾಠ ಮಾಡುತ್ತಿದ್ದ. ಮುಂದಿನ ವರ್ಷ ಆರನೇ ಕ್ಲಾಸು ಅವನಿಗೆ ಬಂತು, ಹುಡುಗಿಯೂ ಅವನ ಕೈಗೆ ಹೋದಳು. ಒಳ್ಳೆಯ ಕಡೆ ಹೋಯಿತು ಮಗು ಎಂದು ನನಗೆ ಸಮಾಧಾನವೇ ಆಗಿತ್ತು.

ಆ ಮಳೆಗಾಲದಲ್ಲಿ ಹಿರಿಯ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಮಾತು ನಿಂತುಹೋಯಿತು. ಒಂದು ಸಲ ನೋಡಲು ಹೋಗಿದ್ದೆ. ಮಂಚದ ಮೇಲಿಂದ ನನ್ನನ್ನೇ ನೋಡುತ್ತಾ ಬಾಯಿ ಆಡಿಸಿದರು, ಏನೂ ತಿಳಿಯಲಿಲ್ಲ. ಅವರಿಗೆ ಏನು ಬೇಕು ಎಂದು ಊಹಿಸಿ ಊಹಿಸಿ ಮನೆಯವರು ನೀರು ಕೊಟ್ಟರು, ಹೊದಿಕೆ ಸರಿಮಾಡಿದರು. ಎಲ್ಲದಕ್ಕೂ ಅವರು ಕಣ್ಣು ಮುಚ್ಚಿಕೊಂಡರು. ಕೆಲವು ತಿಂಗಳಿಗೆ ಹೋಗಿಬಿಟ್ಟರು. ಶನಿವಾರದ ಗುಂಪು ಆಮೇಲೆ ಒಂದೆರಡು ಸಲ ಸೇರಿತು. ಒಬ್ಬರಿಗೆ ಚುನಾವಣೆ ಕೆಲಸ, ಇನ್ನೊಬ್ಬರಿಗೆ ಸಮೀಕ್ಷೆ. ಕೊನೆಗೆ ನಾನೂ ಆ ಹುಡುಗ ಮೇಷ್ಟ್ರೂ ಇಬ್ಬರೇ ಫ್ಲಾಸ್ಕ್ ಮುಂದಿಟ್ಟುಕೊಂಡು ಕೂತು ಎದ್ದು ಬಂದೆವು.

ಗುಂಪು ಸತ್ತ ಮೇಲೆ ಆದೇಶ ಬಂತು. ನಮ್ಮ ಹಣೆಬರಹ ಹಾಗೆ. ಮಕ್ಕಳ ಆಲೋಚನೆಯ ಮೇಲೆ ಗಣಿತದ ಪಾಠ ಕಟ್ಟುವುದು ಹೇಗೆ ಎಂದು ಶಿಕ್ಷಕರಿಗೆಲ್ಲ ಮಾದರಿ ಪಾಠ ತೋರಿಸಬೇಕಂತೆ. ಶಿಡ್ಲಘಟ್ಟದಲ್ಲಿ ಇಂಥದ್ದು ನಡೆಯುತ್ತಿತ್ತು ಎಂದು ಯಾರೋ ಹೇಳಿದ್ದರು, ಮೇಲಿನ ಅಧಿಕಾರಿಯೊಬ್ಬರು ನಮ್ಮ ಶಾಲೆಗೇ ಬಂದರು. ನನಗೆ ವಯಸ್ಸಾಯಿತು, ಕಂಠವೂ ಕರ್ಕಶ. ಮಾದರಿ ಪಾಠ ಹುಡುಗನ ಪಾಲಿಗೆ ಬಂತು. ಮೊದಲು ಶಿಡ್ಲಘಟ್ಟದಲ್ಲಿ, ಆಮೇಲೆ ಚಿಂತಾಮಣಿಯಲ್ಲಿ, ಕೊನೆಗೆ ಚಿಕ್ಕಬಳ್ಳಾಪುರದ ದೊಡ್ಡ ಹಾಲಿನಲ್ಲಿ. ಅವನಿಗೆ ಆಗ ಗೌರಿಬಿದನೂರಿನಲ್ಲಿ ಮಗು ಹುಟ್ಟಿತ್ತು. ವಾರಕ್ಕೊಮ್ಮೆ ಹೋಗಿ ಮುಖ ನೋಡಿ ಬರುತ್ತಿದ್ದ. ಮೇಲಿನವರ ಕಣ್ಣಿಗೆ ಬಿದ್ದರೆ ಊರ ಕಡೆ ವರ್ಗ ಸಿಗಬಹುದು ಎಂಬ ಆಸೆ. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸು ಬರುವುದಿಲ್ಲ.

ಪಾಠ ಯಾವುದು? ಭಿನ್ನರಾಶಿ ಕೂಡುವುದು. ಅರ್ಧ ಮತ್ತು ಮೂರನೇ ಒಂದು ಭಾಗ. ತೊಂದರೆ ಏನೆಂದರೆ ಆರನೇ ಕ್ಲಾಸಿನ ಮಕ್ಕಳಿಗೆ ಅದೆಲ್ಲ ಹಿಂದಿನ ವರ್ಷವೇ ಜೀರ್ಣವಾಗಿಹೋಗಿತ್ತು. ಯಾರೂ ತಪ್ಪು ಮಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಐದನೇ ಕ್ಲಾಸಿನಲ್ಲಿದ್ದೆ. ಪಕ್ಕದ ಆರನೇ ಕ್ಲಾಸಿಗೂ ನಮಗೂ ನಡುವೆ ಇರುವುದು ಮೇಲಿನವರೆಗೆ ಏರದ ಅಡ್ಡಗೋಡೆ, ಆ ಕಡೆಯ ಮಾತು ಪೂರ್ತಿ ಕೇಳಿಸುತ್ತದೆ.

"ಹೋದ ವರ್ಷ ಹೇಳಿದ್ಯಲ್ಲಮ್ಮ, ಐದರಲ್ಲಿ ಎರಡು ಅಂತ, ಅದನ್ನೇ ಹೇಳು."

"ಅದು ತಪ್ಪು ಸಾರ್."

"ಗೊತ್ತು ಕಣಮ್ಮ. ನಾಟಕದಲ್ಲಿ ಹೇಳಲ್ವಾ, ಹಂಗೆ. ಮೊದಲು ಸ್ವಲ್ಪ ಸುಮ್ನೆ ನಿಂತ್ಕೋ. ಯೋಚನೆ ಮಾಡೋ ಹಂಗೆ ಮೇಲೆ ನೋಡು. ಆಮೇಲೆ ಚಂದ್ರಿಕೆ ವಿಷಯ ಹೇಳು."

ಅವಳು ಹೇಳಿದಳು, ಪದ್ಯ ಒಪ್ಪಿಸುವ ದನಿಯಲ್ಲಿ. ಸರಿಹೋಗಲಿಲ್ಲ ಎಂದು ಇನ್ನೊಮ್ಮೆ ಹೇಳಿಸಿದ. ಮತ್ತೂ ಹೇಳಿಸಿದ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಬೆಲ್ ಹೊಡೆದ ಮೇಲೆ ಅವನನ್ನು ಬಾವಿಕಟ್ಟೆ ಹತ್ತಿರ ಹಿಡಿದು ನಿಲ್ಲಿಸಿ ಬಾಯಿಗೆ ಬಂದದ್ದೆಲ್ಲ ಅಂದೆ. ತಪ್ಪನ್ನು ಉರು ಹೊಡೆಸುತ್ತೀಯಲ್ಲಪ್ಪಾ, ನಿನಗೆ ಹೇಳಿಕೊಟ್ಟವರು ಮಣ್ಣಾಗಿ ಇನ್ನೂ ವರ್ಷವಾಗಿಲ್ಲ, ಇದನ್ನೇ ಏನು ಅವರು ಕಲಿಸಿದ್ದು ಎಂದೆ. ಅವನು ಎದುರು ಮಾತಾಡುವವನಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದ.

"ಮೇಡಂ, ತಪ್ಪೇ ಬರ್ಲಿಲ್ಲ ಅಂದ್ರೆ ನಾನು ಯಾವುದರ ಮೇಲೆ ಪಾಠ ಕಟ್ಲಿ? ನಲವತ್ತು ನಿಮಿಷ. ಆ ಹಾಲಲ್ಲಿ ಎಲ್ಲರೂ ನೋಡ್ತಾ ಕೂತಿರ್ತಾರೆ. ಮಕ್ಕಳು ಎದ್ದು ಸರಿಯಾಗಿ ಆರರಲ್ಲಿ ಐದು ಅಂದುಬಿಟ್ರೆ ನಾನೇನು ಮಾಡ್ಲಿ ಹೇಳಿ?"

"ಬೇರೆ ಲೆಕ್ಕ ಕೊಡಪ್ಪಾ. ಅವರಿಗೆ ಗೊತ್ತಿಲ್ಲದ್ದು ಕೊಡು. ಏನು ಬರುತ್ತೋ ಬರ್ಲಿ."

"ಏನು ಬರುತ್ತೋ ನನಗೂ ಗೊತ್ತಿರಲ್ವಲ್ಲ ಮೇಡಂ" ಎಂದ.

ಅವನ ಭಯ ನನಗೆ ಅರ್ಥವಾಯಿತು. ಅದಕ್ಕೇ ಇನ್ನಷ್ಟು ಸಂಕಟ. ಏನು ಬರುತ್ತದೋ ಗೊತ್ತಿಲ್ಲದೆ ನಿಲ್ಲುವುದನ್ನೇ ಅಲ್ಲವೇ ನಾವು ಅಷ್ಟು ಶನಿವಾರ ಕೂತು ಕಲಿತದ್ದು? ಹೆಡ್‌ಮಾಸ್ಟರ್ ಹತ್ತಿರ ಹೋದೆ. ಶಾಲೆಗೆ ಹೆಸರು ಬರುವ ಹೊತ್ತಿನಲ್ಲಿ ಅಡ್ಡಗಾಲು ಹಾಕಬೇಡಿ ಎಂದರು. ಹೊಟ್ಟೆಕಿಚ್ಚು ಎಂದುಕೊಂಡರೇನೋ, ಮುಖದಲ್ಲಿ ಹಾಗೇ ಕಂಡಿತು.

ಶಿಡ್ಲಘಟ್ಟದಲ್ಲಿ ಪಾಠ ಚೆನ್ನಾಗಿ ಆಯಿತಂತೆ, ನಾನು ಹೋಗಲಿಲ್ಲ. ಚಿಂತಾಮಣಿಯಲ್ಲಿ ಇನ್ನೂ ಚೆನ್ನಾಗಿ ಆಯಿತಂತೆ. ಶಾಲೆಯಲ್ಲಿ ಮಕ್ಕಳು ಅವಳನ್ನು ಟೂ ಬೈ ಫೈವ್ ಎಂದು ಕರೆಯಲು ಶುರುಮಾಡಿದರು. ಒಂದು ದಿನ ಅವಳ ತಾಯಿ ಸೊಪ್ಪಿನ ಹೊರೆ ಇಳಿಸಿ ಕಾಂಪೌಂಡ್ ಹತ್ತಿರ ನಿಂತು ನನ್ನನ್ನು ಕರೆದರು.

"ಮಿಸ್, ನಮ್ಮ ಪಾಪ ಚಿಂತಾಮಣೀಲಿ ಎಲ್ಲರ ಮುಂದೆ ತಪ್ಪು ಹೇಳಿದ್ಲಂತೆ. ಅದಕ್ಕೆ ಚಪ್ಪಾಳೆ ಹೊಡೆದ್ರಂತೆ. ಸರಿ ಗೊತ್ತಿದ್ದೂ ತಪ್ಪು ಹೇಳು ಅಂದ್ರಂತೆ. ಹಂಗ್ಯಾಕೆ ಮಿಸ್?"

ಓದು ಬರಹ ಹೆಚ್ಚಿಲ್ಲದ ಹೆಂಗಸು, ಸುಮ್ಮನೆ ತಿಳಿಯದೆ ಕೇಳುತ್ತಿದ್ದರು. ಮೇಷ್ಟ್ರುಗಳಿಗೆ ಪಾಠ ತೋರಿಸಲಿಕ್ಕೆ ಅಮ್ಮಾ ಎಂದೆ. "ಓ, ಹಂಗಾ" ಎಂದು ಹೊರೆ ಎತ್ತಿಕೊಂಡು ಹೋದರು.

ಚಿಕ್ಕಬಳ್ಳಾಪುರಕ್ಕೆ ನಾನೂ ಹೋಗಬೇಕಾಯಿತು, ಹೆಣ್ಣು ಮಕ್ಕಳ ಜೊತೆ ಒಬ್ಬರು ಮೇಡಂ ಇರಲೇಬೇಕು ಎಂದು. ಬಾಡಿಗೆ ಟೆಂಪೋದಲ್ಲಿ ಮಕ್ಕಳೆಲ್ಲ ಹಾಡುತ್ತಿದ್ದರು. ಇವಳು ನನ್ನ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಹೊಸ ಟೇಪು. ನಾನು ಮೆಲ್ಲಗೆ ಹೇಳಿದೆ.

"ನೋಡಮ್ಮ, ಅಲ್ಲಿ ನಿನಗೆ ಏನನ್ಸುತ್ತೋ ಅದನ್ನೇ ಹೇಳು. ಸಾರ್ ಹೇಳ್ಕೊಟ್ಟಿದ್ದೇ ಹೇಳ್ಬೇಕು ಅಂತೇನಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಹೇಳ್ದೇ ಇದ್ರೆ ಸಾರ್‌ಗೆ ತೊಂದರೆ ಆಗುತ್ತೆ ಮಿಸ್. ಅವರ ಪಾಪು ಗೌರಿಬಿದನೂರಲ್ಲಿದೆ. ಅವರು ಅಲ್ಲಿಗೆ ಹೋಗ್ಬೇಕು."

ಯಾರು ಹೇಳಿದ್ದರೋ ಇವಳಿಗೆ. ಅವನೇ ಯಾವತ್ತೋ ಮಕ್ಕಳ ಮುಂದೆ ಮಗುವಿನ ಫೋಟೋ ತೋರಿಸಿ ಆಡಿದ್ದನೇನೋ. ಹನ್ನೊಂದು ವರ್ಷದ ಹುಡುಗಿ ಒಬ್ಬ ಗಂಡಸಿನ ವರ್ಗದ ಭಾರ ಹೊತ್ತುಕೊಂಡು ಟೆಂಪೋದಲ್ಲಿ ಕೂತಿದ್ದಳು.

ಹಾಲಿನಲ್ಲಿ ವೇದಿಕೆಯ ಮೇಲೆ ಬೆಂಚು ಹಾಕಿ ಮಕ್ಕಳನ್ನು ಕೂರಿಸಿದ್ದರು. ಕೆಳಗೆ ನಾಲ್ಕೂ ಕಡೆಯ ಮೇಷ್ಟ್ರುಗಳು, ಮುಂದಿನ ಸಾಲಿನಲ್ಲಿ ಸಾಹೇಬರುಗಳು. ಹುಡುಗ ಚೆನ್ನಾಗಿಯೇ ಶುರುಮಾಡಿದ. ಲೆಕ್ಕ ಬರೆದ. ಕಾದ. ಅವಳು ಎದ್ದಳು, ಮೇಲೆ ನೋಡಿದಳು, ಐದರಲ್ಲಿ ಎರಡು ಎಂದಳು. ಹಾಲಿನಲ್ಲಿ ಒಂದು ಮೆಚ್ಚುಗೆಯ ಗುಜುಗುಜು ಎದ್ದಿತು. ಯಾಕೆ ಹಾಗೆ ಯೋಚಿಸಿದೆ ಎಂದು ಅವನು ಕೇಳಿದ. ಚಂದ್ರಿಕೆಯ ಮಾತು ಬಂತು. ಹಿಂದಿನ ಸಾಲಿನಲ್ಲಿ ಯಾರೋ ಆಹಾ ಎಂದರು.

ಆಮೇಲೆ ನಡೆದದ್ದನ್ನು ಆ ಹಾಲಿನಲ್ಲಿ ಗಮನಿಸಿದವಳು ನಾನೊಬ್ಬಳೇ ಇರಬೇಕು. ಹೇಳಿಕೊಟ್ಟಿದ್ದು ಮುಗಿಸಿ ಕೂರಬೇಕಾದ ಹುಡುಗಿ ಕೂರಲಿಲ್ಲ. ಬೋರ್ಡನ್ನೇ ನೋಡುತ್ತಾ ನಿಂತಳು. ಮುಖ ಬದಲಾಯಿತು. ಆ ಮುಖ ನನಗೆ ಗೊತ್ತಿತ್ತು, ಪ್ರಾರ್ಥನೆಯ ಸಾಲಿನಿಂದ ಓಡಿ ಬಂದ ದಿನದ್ದು.

"ಸಾರ್, ಚಿನ್ನಾಯನ ಮನೇಲೂ ಎರಡೇ ಚಂದ್ರಿಕೆ ಇದ್ದು, ಒಂದು ಆಗಿದ್ರೆ? ಇಲ್ಲೂ ಸಗಂ, ಅಲ್ಲೂ ಸಗಂ. ಎಲ್ಲಾ ಸೇರಿದ್ರೆ ನಾಲ್ಕರಲ್ಲಿ ಎರಡು. ಆವಾಗ್ಲೂ ಸಗಂ ಸಾರ್. ಸಗಂಗೆ ಸಗಂ ಸೇರಿದ್ರೂ ಸಗಂ ಆಗಿಯೇ ಇರುತ್ತಲ್ಲ, ಅದು ಯಾಕೆ ಸಾರ್?"

ಅದು ಯಾರೂ ಹೇಳಿಕೊಟ್ಟ ಮಾತಲ್ಲ. ಕೂಡುವುದಕ್ಕೂ ಒಟ್ಟಿಗೆ ಇಡುವುದಕ್ಕೂ ಇರುವ ವ್ಯತ್ಯಾಸದ ಬಾಗಿಲಿಗೇ ಕೈ ಹಾಕಿದ್ದಳು. ಆ ಹಾಲಿನಲ್ಲಿದ್ದ ಅರ್ಧ ಜನರಿಗೆ ಅದರ ಉತ್ತರ ಥಟ್ಟನೆ ಹೇಳಲು ಬರುತ್ತಿರಲಿಲ್ಲ, ನನ್ನನ್ನೂ ಸೇರಿಸಿ. ಮಕ್ಕಳ ಆಲೋಚನೆಯ ಮೇಲೆ ಪಾಠ ಕಟ್ಟುವುದನ್ನು ನೋಡಲು ಬಂದಿದ್ದರಲ್ಲ ಎಲ್ಲರೂ, ಇಗೋ ಆಲೋಚನೆ, ವೇದಿಕೆಯ ಮೇಲೆ ನಿಂತು ಕೇಳುತ್ತಿತ್ತು.

ಹುಡುಗ ಗಡಿಯಾರ ನೋಡಿದ. ಅವನ ಹಣೆಯ ಮೇಲೆ ಬೆವರು. "ಅದು ಆಮೇಲೆ ನೋಡಣಮ್ಮ, ಕೂತ್ಕೋ" ಎಂದು, ಸಿದ್ಧಮಾಡಿ ತಂದಿದ್ದ ಕಾಗದದ ಪಟ್ಟಿಗಳನ್ನು ಹಂಚಲು ಹೋದ. ಅವಳು ಇನ್ನೂ ನಿಂತೇ ಇದ್ದಳು. "ಕೂತ್ಕೋ ಅಂದ್ನಲ್ಲ" ಎಂದ, ದನಿ ಸ್ವಲ್ಪ ಏರಿತು.

ನಾನು ತಡೆಯಲಾರದೆ ಎದ್ದೆ. "ಆ ಮಗು ಏನೋ ಕೇಳಿತು" ಎಂದೆ. ಮುಂದಿನ ಸಾಲಿನಿಂದ ಸಾಹೇಬರು ತಿರುಗಿ ನೋಡಿ, "ಮೇಡಂ, ಕೊನೇಲಿ ಪ್ರಶ್ನೋತ್ತರ ಇದೆ, ದಯವಿಟ್ಟು ಪಾಠಕ್ಕೆ ಅಡ್ಡಿ ಮಾಡ್ಬೇಡಿ" ಎಂದರು. ಅಕ್ಕಪಕ್ಕದವರು ನನ್ನ ಸೀರೆ ಜಗ್ಗಿ ಕೂರಿಸಿದರು. ವೇದಿಕೆಯ ಮೇಲೆ ಅವಳೂ ಕೂತಳು. ಪಾಠ ಹೇಗೆ ಮುಗಿಯಬೇಕಿತ್ತೋ ಹಾಗೆ ಮುಗಿಯಿತು. ಪ್ರಶ್ನೋತ್ತರಕ್ಕೆ ಸಮಯ ಸಾಲಲಿಲ್ಲ, ಊಟ ತಯಾರಾಗಿತ್ತು. ಸಾಹೇಬರು ಅವಳ ತಲೆ ಸವರಿ ಜಾಣೆ ಎಂದರು.

ವಾಪಸ್ ಬರುವಾಗ ಟೆಂಪೋದಲ್ಲಿ ಅವಳನ್ನು ಕೇಳಿದೆ, ಸಗಂ ಸಗಂ ಎಂದು ಏನೋ ಕೇಳಿದೆಯಲ್ಲ, ಇನ್ನೊಂದು ಸಲ ಹೇಳಮ್ಮ ಎಂದು.

"ಏನಿಲ್ಲ ಮಿಸ್" ಎಂದಳು. "ಬಾಯಿ ತಪ್ಪಿ ಬಂದುಬಿಡ್ತು. ಸಾರ್‌ಗೆ ಕೋಪ ಬಂತು."

ಕೋಪ ಅಲ್ಲಮ್ಮ, ನೀನು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ ಎಂದು ಎಷ್ಟು ಹೇಳಿದರೂ ಅವಳು ಹೂಂ ಹೂಂ ಎನ್ನುತ್ತಾ ಹೊರಗೆ ನೋಡಿದಳು. ಪಾಠದಲ್ಲಿ ತಪ್ಪು ಹೇಳಿದ್ದಕ್ಕೆ ಚಪ್ಪಾಳೆ, ನಿಜವಾಗಿ ಯೋಚಿಸಿದ್ದಕ್ಕೆ ಗದರಿಕೆ. ಯಾವ ಮಗುವಾದರೂ ಏನು ಕಲಿಯಬೇಕೋ ಅದನ್ನೇ ಅವಳೂ ಕಲಿತಳು.

ಹುಡುಗನಿಗೆ ವರ್ಗ ಸಿಕ್ಕಿತು. ಹೋಗುವ ದಿನ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಕಣ್ಣಲ್ಲಿ ನೀರಿತ್ತು. ಅವನಿಗೂ ಎಲ್ಲ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಮಗೂನ ಚೆನ್ನಾಗಿ ನೋಡ್ಕೊಳಪ್ಪಾ ಎಂದು ಕಳಿಸಿದೆ. ಆ ಪಾಠದ ವಿಡಿಯೋ ಫೋನಿನಿಂದ ಫೋನಿಗೆ ಹೋಗಿ, ಎಲ್ಲೆಲ್ಲೋ ಮಾದರಿಯಾಯಿತು. ಕೆಲವು ತಿಂಗಳ ಮೇಲೆ ತರಬೇತಿಗೆಂದು ಗೌರಿಬಿದನೂರಿನ ಆಚೆ ಒಂದು ಶಾಲೆಗೆ ಹೋಗಿದ್ದೆ. ಅಲ್ಲಿಯ ಆರನೇ ಕ್ಲಾಸಿನ ಒಂದು ಮಗು ಎದ್ದು, ಮೇಲೆ ನೋಡಿ, ನಮ್ಮ ಮನೇಲಿ ಎರಡು ಚಂದ್ರಿಕೆ ಎಂದು ಶುರುಮಾಡಿತು. ಆ ಊರಿನಲ್ಲಿ ಬೆಳೆಯುವುದು ಮುಸುಕಿನ ಜೋಳ, ಒಂದು ಹಿಪ್ಪುನೇರಳೆ ಕಡ್ಡಿ ಇಲ್ಲ.

"ಚಂದ್ರಿಕೆ ಅಂದ್ರೆ ಏನು ಕಂದಾ?" ಎಂದು ಕೇಳಿದೆ.

ಮಗು ತನ್ನ ಮೇಡಂ ಮುಖ ನೋಡಿತು. ಆಮೇಲೆ ನನ್ನ ಮುಖ ನೋಡಿತು. "ಅದು ತಪ್ಪು ಉತ್ತರ ಮಿಸ್" ಎಂದಿತು.

ಅಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಅಳುವುದಕ್ಕಿಂತ ಅದು ವಾಸಿ. ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತಾಗ ಹಿರಿಯ ಮೇಷ್ಟ್ರು ನೆನಪಾದರು. ಅವರ ಮನೆ ಅಲ್ಲಿಂದ ನಡೆದು ಹೋಗುವಷ್ಟು ದೂರ. ಹೋಗಿ ಯಾರಿಗೆ ಏನು ಹೇಳಲಿ? ಬಂದ ಬಸ್ಸು ಹತ್ತಿದೆ.

ಹುಡುಗನ ಜಾಗಕ್ಕೆ ಯಾರೂ ಬರಲಿಲ್ಲ, ಆದ್ದರಿಂದ ಈ ವರ್ಷ ಏಳನೇ ಕ್ಲಾಸಿನ ಗಣಿತವೂ ನನಗೇ. ಅವಳು ಮತ್ತೆ ನನ್ನ ಕ್ಲಾಸಿಗೆ ಬಂದಳು. ಎತ್ತರ ಆಗಿದ್ದಳು. ಈಗ ಮಾತಾಡುತ್ತಾಳೆ, ಕೇಳಿದ ತಕ್ಷಣ ಎದ್ದು ನಿಲ್ಲುತ್ತಾಳೆ, ಮಗ್ಗಿ ಸೂತ್ರ ಎಲ್ಲ ಸರಾಗ. ಮಾರ್ಕ್ಸ್‌ನಲ್ಲೂ ಮುಂದೆ. ಬೇರೆ ಮೇಡಂಗಳೆಲ್ಲ ಅವಳನ್ನು ಹೊಗಳುತ್ತಾರೆ. ನನಗೆ ಮಾತ್ರ ಒಂದು ಹಟ. ಹೋದದ್ದನ್ನು ವಾಪಸ್ ತರಬಹುದು, ತಾಳ್ಮೆಯಿಂದ ಕೂತರೆ ಬರುತ್ತದೆ, ಮಗು ಅಲ್ಲವೇ ಎಂದುಕೊಂಡೆ. ಜೂನ್‌ನಿಂದ ಅದೊಂದೇ ಕೆಲಸ. ತಪ್ಪೋ ಸರಿಯೋ ಹೇಳದೆ ಕಾದೆ. ಪುಸ್ತಕ ಮುಚ್ಚಿಸಿದೆ. ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತೆ. ನನ್ನ ಕೋಪವನ್ನೆಲ್ಲ ಮನೆಯಲ್ಲೇ ಬಿಟ್ಟು ಬಂದೆ. ಅವಳು ಎಲ್ಲದಕ್ಕೂ ನನ್ನ ಮುಖ ನೋಡಿ, ಅಲ್ಲಿ ಏನು ಕಾಣುತ್ತದೋ ಅದಕ್ಕೆ ತಕ್ಕ ಉತ್ತರ ಕೊಟ್ಟಳು.

ಹೋದ ವಾರ ಹೊಸ ಪಾಠ. ಸೊನ್ನೆಗಿಂತ ಕಡಿಮೆ ಇರುವ ಸಂಖ್ಯೆಗಳು. ಪುಸ್ತಕ ತೆಗೆಸಲಿಲ್ಲ. ಬೋರ್ಡಿನ ಮೇಲೆ ಒಂದು ಸೊನ್ನೆ ಬರೆದು, ಇದಕ್ಕಿಂತ ಕಮ್ಮಿ ಏನಾದರೂ ಇರುತ್ತದಾ ಎಂದು ಕೇಳಿದೆ. ಒಬ್ಬ ಇಲ್ಲ ಎಂದ. ಇನ್ನೊಬ್ಬಳು ಬಾವಿ ಎಂದಳು. ಯಾರೋ ನಕ್ಕರು. ಕ್ಲಾಸು ಸ್ವಲ್ಪ ಬಿಸಿಯಾಯಿತು. ನಾನು ಅವಳ ಕಡೆ ತಿರುಗಿದೆ.

"ನೀನು ಹೇಳಮ್ಮ. ನಿನಗೆ ಏನನ್ಸುತ್ತೆ?"

ಎದ್ದು ನಿಂತಳು. ಬೋರ್ಡ್ ನೋಡಲಿಲ್ಲ, ನನ್ನನ್ನೇ ನೋಡಿದಳು. ಬಹಳ ವಿನಯದಿಂದ ಕೇಳಿದಳು.

"ತಪ್ಪು ಹೇಳ್ಲಾ ಮಿಸ್, ಸರಿ ಹೇಳ್ಲಾ?"

"ಎರಡೂ ಬೇಡ ಕಣಮ್ಮ. ನಿನ್ನ ತಲೇಲಿ ಏನು ಬಂತೋ ಅದು."

ಅವಳು ಪ್ರಯತ್ನ ಮಾಡಿದಳು. ಅದು ನನಗೆ ಕಂಡಿತು, ನಾಟಕ ಆಡಲಿಲ್ಲ, ಮೇಲೆ ನೋಡಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ತನ್ನೊಳಗೆ ಹುಡುಕಿದಳು. ಬಹಳ ಹೊತ್ತಾದ ಮೇಲೆ ಅವಳ ಕಣ್ಣು ತುಂಬಿತು.

"ಏನೂ ಬರ್ತಿಲ್ಲ ಮಿಸ್" ಎಂದಳು. "ನೀವು ಹೇಳ್ಕೊಡಿ, ನಾನು ಹೇಳ್ತೀನಿ."